ರೆಡಿ ಮಾಮನ ಎಕ್ಸ್‌ಪೋಷರ್

ರೆಡಿ ಮಾಮನಿಗೆ ಮೊಮ್ಮಗಳ ಮೇಲೆ ಪಂಚಪ್ರಾಣ, ಮೊಮ್ಮಗಳ ಫೋಟೋಗಳ ಮೇಲೆ ಕೆಂಡದಂಥ ಕೋಪ. ಹುಟ್ಟಿ ಐದು ತಿಂಗಳಾದ ಆ ಕೂಸಿನ ಫೋಟೋಗಳು ದಿನ ಬೆಳಗಾದರೆ ಅವರ ಫೋನಿಗೆ ಬಂದು ಬೀಳುತ್ತಿದ್ದವು. ಒಂದರಲ್ಲಿ ಬರೀ ಮೂಗಿನ ಹೊಳ್ಳೆ, ಇನ್ನೊಂದರಲ್ಲಿ ಅಂಗಾಲು, ಮತ್ತೊಂದರಲ್ಲಿ ಮಗು ಇರಬೇಕಾದ ಜಾಗದಲ್ಲಿ ಏನೋ ಒಂದು ಬಿಳಿ ಮೋಡ. ಇವನ್ನೆಲ್ಲ ತೆಗೆದವರು ಯಾರು ಅಂತೀರಿ? ಆಸ್ಪತ್ರೆಯ ಆಯಾ ತೆಗೆದಿದ್ದಳು, ಮೇಲಿನ ಮನೆಯ ಬಾಡಿಗೆಯವಳು ತೆಗೆದಿದ್ದಳು, ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನೂ ಒಂದು ಕೈ ನೋಡಿದ್ದ. ಮೂವತ್ತು ವರ್ಷ ಊರಿನ ಸಮಸ್ತರ ಮುಖಕ್ಕೂ ಬೆಳಕು ಹಿಡಿದ ಸ್ವಂತ ಅಜ್ಜ ಮಾತ್ರ ತೆಗೆದಿರಲಿಲ್ಲ.

“ಇದು ಮಗುವಾ, ಬಟಾಣಿ ಮೂಟೆಯಾ?” ಅಂತ ಫೋನನ್ನು ಹೆಂಡತಿಯ ಮೂಗಿಗೆ ಹಿಡಿಯುತ್ತಿದ್ದರು. “ನನ್ನ ಮೊಮ್ಮಗಳಿಗೆ ಇನ್ನೂ ಮೊದಲ ಫೋಟೋನೇ ಆಗಿಲ್ಲ. ಇವೆಲ್ಲ ಫೋಟೋ ಅಲ್ಲ, ಅಪಘಾತ.”

ಮಾಮನದು ಸ್ವಂತ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಕತ್ತಲೆ ಕೋಣೆ. ಲೋಕವೆಲ್ಲ ಡಿಜಿಟಲ್ ಆದರೂ ಮಾಮ ಇನ್ನೂ ರೀಲು ಕ್ಯಾಮೆರಾ ಬಿಟ್ಟಿರಲಿಲ್ಲ. ಪಾಸ್‌ಪೋರ್ಟ್ ಫೋಟೋಗಳಿಗೆ ಮಾತ್ರ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಅದನ್ನು ಅವರು ಮಲಮಗನನ್ನು ನೋಡುವ ಹಾಗೆ ನೋಡುತ್ತಿದ್ದರು. ಬಟನ್ ಒತ್ತುವ ಮುಂಚೆ “ರೆಡೀ…” ಅಂತ ರಾಗ ಎಳೆಯುವುದು ಅವರ ಪದ್ಧತಿ. ಆ ರಾಗ ಮುಗಿಯುವ ಹೊತ್ತಿಗೆ ನಗುತ್ತಿದ್ದವರ ನಗು ಒಣಗಿ ಹಪ್ಪಳವಾಗಿರುತ್ತಿತ್ತು. ಹಾಗಾಗಿ ಊರಿನ ಅರ್ಧಕ್ಕರ್ಧ ಮನೆಗಳ ಗೋಡೆಯ ಮೇಲೆ ಜನ ಹಲ್ಲುನೋವು ಬಂದವರಂತೆ ನಿಂತಿದ್ದಾರೆ.

ಸ್ಟುಡಿಯೋದಲ್ಲಿ ಕೆಲಸಗಳ ಹಂಚಿಕೆ ಸ್ಪಷ್ಟವಾಗಿತ್ತು. ಬಂದವರ ತಲೆ ಬಾಚುವುದು, ಬೆವರು ಒರೆಸುವುದು, ಪೌಡರ್ ಹಚ್ಚುವುದು, ಸ್ಟುಡಿಯೋದ ಕರಿ ಕೋಟು ತೊಡಿಸಿ ಗುಂಡಿ ಹಾಕುವುದು, ಅಳುವ ಮಕ್ಕಳನ್ನು ನಗಿಸುವುದು, ನಗುವ ಗಂಡಸರನ್ನು ಗಂಭೀರ ಮಾಡುವುದು, ಇದಿಷ್ಟೂ ಯಜಮಾನಿಯವರ ಇಲಾಖೆ. ಬಟನ್ ಒತ್ತುವುದು ಮಾಮನ ಇಲಾಖೆ. (ಬಟನ್ ಒಂದೇ ಇತ್ತು.) ಯಜಮಾನಿ ಅಪ್ಪಿತಪ್ಪಿ ಕ್ಯಾಮೆರಾದ ಧೂಳು ಒರೆಸಲು ಹೋದರೂ ಮಾಮ ಹಾವು ತುಳಿದವರ ಹಾಗೆ ಹಾರಿ ಬರುತ್ತಿದ್ದರು. “ಮುಟ್ಟಬೇಡ! ಅದಕ್ಕೆ ಕೈ ಹದ ಬೇಕು!”

ಅಂಥ ಮಾಮನಿಗೆ ಆ ಬೆಳಿಗ್ಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮಗಳು ಕೂಸನ್ನು ಕರೆದುಕೊಂಡು ಬರುವವಳಿದ್ದಳು. ಬರುವುದು ಮಧ್ಯಾಹ್ನದ ರೈಲಿಗೆ, ಹೋಗುವುದು ಸಂಜೆಯ ರೈಲಿಗೆ. ಮುಂದಿನ ಊರಲ್ಲಿ ಗಂಡನಿಗೆ ಹೊಸ ಕೆಲಸ, ನಡುವೆ ಇಷ್ಟೇ ಬಿಡುವು. ಇನ್ನೊಮ್ಮೆ ಬರುವ ಹೊತ್ತಿಗೆ ಮಗು ಓಡಾಡುತ್ತಿರುತ್ತದೆ. ಬೊಚ್ಚು ಬಾಯಿಯ ಕೂಸಿನ ಫೋಟೋ ಬೇಕೆಂದರೆ ಇವತ್ತೇ ಆಗಬೇಕು, ಇಲ್ಲದಿದ್ದರೆ ಇಲ್ಲ. ಮಾಮ ನೀಲಿ ಆಕಾಶದ ಪರದೆಯನ್ನು ಒಗೆದು ಇಸ್ತ್ರಿ ಮಾಡಿ ಕಟ್ಟಿದ್ದರು, ದೀಪಗಳ ಬಲ್ಬು ಒರೆಸಿದ್ದರು, ಕ್ಯಾಮೆರಾದಲ್ಲಿ ಅರ್ಧ ರೀಲು ಉಳಿದಿದೆ ಅಂತ ಎರಡೆರಡು ಸಲ ನೋಡಿಕೊಂಡಿದ್ದರು. ಆಗ ಫೋನು ಬಂತು.

“ನಾನು ಆರೋಗ್ಯ ಇಲಾಖೆಯಿಂದ ಡಾಕ್ಟರ್ ಮಾತಾಡ್ತಿರೋದು.” ಹೆಣ್ಣು ದನಿ.

ಮಾಮ ಹಿರಿಹಿರಿ ಹಿಗ್ಗಿದರು. ಆರೋಗ್ಯ ಇಲಾಖೆಯ ಸಿಬ್ಬಂದಿಗೆಲ್ಲ ಗುರುತಿನ ಚೀಟಿಯ ಫೋಟೋ ತೆಗೆಯುವ ಕೆಲಸ ತನಗೇ ಕೊಡಬೇಕು ಅಂತ ಹೋದ ತಿಂಗಳಷ್ಟೇ ಆ ಕಚೇರಿಯಲ್ಲಿ ಹಲ್ಲು ಗಿಂಜಿ ಬಂದಿದ್ದರು. ಕೊನೆಗೂ ಕರೆದರಲ್ಲ!

“ಹೇಳಿ ಮೇಡಂ, ಹೇಳಿ!”

“ಮೊನ್ನೆ ನಿಮ್ಮ ಸ್ಟುಡಿಯೋಗೆ ಹೊರದೇಶದಿಂದ ಬಂದ ಎಂಜಿನಿಯರ್ ಒಬ್ಬರು ಬಂದಿದ್ರಾ?”

“ಬಂದಿದ್ರು ಮೇಡಂ. ಅಮ್ಮನಿಗೆ ಕೊಡೋಕೆ ಕಪ್ಪುಬಿಳುಪು ಫೋಟೋ ಬೇಕು ಅಂದ್ರು. ಒಳ್ಳೇ ಅಭಿರುಚಿ.” (ಓಹೋ, ಶಿಫಾರಸು ಮಾಡಿದ್ದು ಆ ಪುಣ್ಯಾತ್ಮನೋ ಅಂತ ಮಾಮ ಮನಸ್ಸಿನಲ್ಲೇ ಕೈಮುಗಿದರು.)

“ಅವರಿಂದ ನಿಮಗೆ ಎಕ್ಸ್‌ಪೋಷರ್ ಆಗಿರಬಹುದು ಅಂತ ನಮ್ಮ ಅನುಮಾನ.”

“ಅನುಮಾನ ಯಾಕೆ ಮೇಡಂ? ಆಗಿದೆ! ಒಂದೆರಡಲ್ಲ, ಅರ್ಧ ರೀಲು ಆಗಿದೆ.”

“ರೀಲಾ? ಇರಲಿ… ಎಷ್ಟು ಹೊತ್ತು ಎಕ್ಸ್‌ಪೋಷರ್ ಆಯ್ತು?”

“ಒಂದೊಂದೂ ಸೆಕೆಂಡಿನಲ್ಲಿ ಅರವತ್ತನೇ ಒಂದು ಭಾಗ. ನನ್ನ ಕೈ ಹದ ಹಾಗಿದೆ.”

ಆ ಕಡೆಯಿಂದ “ಆಂ?” ಅಂತ ಬಂತು. ವಿದ್ಯೆ ನೋಡಿ ದಂಗಾಗಿದ್ದಾರೆ ಅಂದುಕೊಂಡರು ಮಾಮ.

“ನೋಡಿ ಸರ್, ಗಾಬರಿಯಾಗಿದ್ದೀರಿ ಅನಿಸುತ್ತೆ. ನಿಧಾನವಾಗಿ ಹೇಳಿ. ಆಗ ಮಾಸ್ಕ್ ಇತ್ತಾ?”

“ಮಾಸ್ಕಾ? ಮಾಸ್ಕ್ ಹಾಕಿದ್ರೆ ಮುಖ ಎಲ್ಲಿಂದ ಬರುತ್ತೆ ಮೇಡಂ?”

“ದ್ರವಗಳು ಏನಾದ್ರೂ ಕೈಗೆ ತಗುಲಿತ್ತಾ?”

ಮಾಮನಿಗೆ ನಗು ಬಂತು. ಫೋಟೋ ತೊಳೆಯುವ ರಾಸಾಯನಿಕಗಳ ಬಗ್ಗೆ ಕೇಳುತ್ತಿದ್ದಾರೆ, ಪರೀಕ್ಷೆ ಮಾಡುತ್ತಿದ್ದಾರೆ! “ದ್ರವದಲ್ಲಿ ಕೈ ಅದ್ದದೆ ಈ ಕಸುಬು ಆಗುತ್ತಾ ಮೇಡಂ? ಮೊಣಕೈವರೆಗೂ ಅದ್ದೋದು.”

“ಮೊಣಕೈವರೆಗೂ! ಗ್ಲೌಸ್ ಇಲ್ಲದೆ?”

“ಗ್ಲೌಸ್ ಹಾಕೋರು ಕಲಿಯೋ ಮಂದಿ. ನಾನು ಬರಿಗೈ.”

“ಅಯ್ಯೋ… ಸರಿ, ನಿಮಗೆ ಇಲ್ಲಿವರೆಗೆ ಏನೂ ಡೆವಲಪ್ ಆಗಿಲ್ಲ ತಾನೇ?”

“ಇನ್ನೂ ಇಲ್ಲ. ಇವತ್ತು ಸಂಜೆಯೊಳಗೆ ಮಾಡ್ಕೊಂಡುಬಿಡ್ತೀನಿ.”

“ಮಾಡ್ಕೊಳ್ತೀರಾ? ಸರ್, ನೆಗೆಟಿವ್ ಬರಲಿ ಅಂತ ಹಾರೈಸಿ!”

“ನೆಗೆಟಿವ್ ಬಂದೇ ಬರುತ್ತೆ ಮೇಡಂ. ಆಮೇಲೆ ಅದರಿಂದಲೇ ಒಳ್ಳೆ ಪಾಸಿಟಿವ್ ತೆಗೆದು, ದೊಡ್ಡದು ಮಾಡಿ, ಊರಿಗೆಲ್ಲ ಕಾಣೋ ಹಾಗೆ ಇಡ್ತೀನಿ.”

ಡಾಕ್ಟರಮ್ಮನ ದನಿ ಏಕದಂ ಬಿಗಿಯಾಯಿತು. “ಏನೂ ಇಡಬೇಡಿ. ನೀವು ಹೈ ರಿಸ್ಕ್ ಕಾಂಟ್ಯಾಕ್ಟ್. ಒಂದು ಕೋಣೆ ಸೇರಿಕೊಂಡು ಒಬ್ಬರೇ ಇರಿ, ಯಾರನ್ನೂ ಮುಟ್ಟಬೇಡಿ. ನಾನೇ ಬರ್ತೀನಿ. ಮೂರು ವಾರ ಬೇಕಾಗುತ್ತೆ.”

“ಮೂರೇನು, ನಾಲ್ಕು ವಾರ ಆದ್ರೂ ಕೂತು ಮಾಡಿಕೊಡ್ತೀನಿ ಮೇಡಂ!” ಅಂದರು ಮಾಮ. ಫೋನು ಆಗಲೇ ಕಟ್ಟಾಗಿತ್ತು.

“ಯಾರ್ರೀ ಅದು?” ಒಳಗಿಂದ ಯಜಮಾನಿ ಕೇಳಿದರು.

“ಆರೋಗ್ಯ ಇಲಾಖೆ ಕಣೇ! ಮೂರು ವಾರದ ಕೆಲಸ ಸಿಕ್ತು. ನನ್ನನ್ನ ಹೈ ರಿಸ್ಕ್ ಕಾಂಟ್ಯಾಕ್ಟ್ ಅಂದ್ರು.”

“ಹಾಗಂದ್ರೆ?”

“ಹೈ ಅಂದ್ರೆ ಮೇಲ್ದರ್ಜೆ. ಕಾಂಟ್ಯಾಕ್ಟ್ ಅಂದ್ರೆ, ದೊಡ್ಡೋರ ಸಂಪರ್ಕ ಬಂತು ಅಂತ. ರಿಸ್ಕ್…” ಮಾಮ ಇಲ್ಲಿ ಕೊಂಚ ತಡವರಿಸಿದರು. “ರಿಸ್ಕ್ ಯಾವ ವ್ಯಾಪಾರದಲ್ಲಿಲ್ಲ ಹೇಳು?”

ಯಜಮಾನಿ ಟೀವಿಯ ಮುಂದೆ ನಿಂತು ಸೌಂಡು ಜಾಸ್ತಿ ಮಾಡಿದರು. ಹೊರದೇಶದಿಂದ ಬಂದ ಎಂಜಿನಿಯರೊಬ್ಬರಿಗೆ ಭಯಂಕರ ಜ್ವರದ ಶಂಕೆ, ಪ್ರತ್ಯೇಕ ವಾರ್ಡಿಗೆ ದಾಖಲು, ಸಂಪರ್ಕಕ್ಕೆ ಬಂದವರಿಗಾಗಿ ಹುಡುಕಾಟ ಅಂತ ಟೀವಿಯವನು ಗಂಟಲು ಹರಿದುಕೊಳ್ಳುತ್ತಿದ್ದ. ವೈರಸ್ಸು ಅಂಟಿದರೆ ಜೀವಕ್ಕೇ ಸಂಚಕಾರ ಅಂತ ಪರದೆಯ ಅಡಿಯಲ್ಲಿ ಕೆಂಪು ಅಕ್ಷರ ಓಡುತ್ತಿತ್ತು.

ಮಾಮನ ಮೇಲ್ದರ್ಜೆಯೆಲ್ಲ ಇಳಿದುಹೋಯಿತು.

“ರೀ, ಆ ಡಾಕ್ಟರಿಗೆ ನೀವು ಏನಂದ್ರಿ?”

“ಕೇಳಿದ್ದಕ್ಕೆ ಹೇಳಿದೆ.” ಮಾಮ ಗೋಡೆಯ ಕಡೆ ನೋಡಿದರು. ಮಾಸ್ಕು, ದ್ರವ, ಮೊಣಕೈ ಎಲ್ಲ ಒಂದೊಂದಾಗಿ ನೆನಪಾಗಿ ಕಿವಿ ಕೆಂಪಾಯಿತು. ತಿರುಗಿ ಫೋನ್ ಮಾಡಿದರೆ ಆ ನಂಬರು ಬಿಜಿ. ಮತ್ತೆ ಮಾಡಿದರೂ ಬಿಜಿ. ಊರೆಲ್ಲ ಅದೇ ನಂಬರಿಗೆ ಜೋತುಬಿದ್ದಿತ್ತು.

“ಹಾಗಾದ್ರೆ ನನಗೂ ಆಗಿರಬಹುದಲ್ಲ? ಅವರ ತಲೆ ಬಾಚಿದ್ದು ನಾನು, ಕೋಟು ತೊಡಿಸಿದ್ದು ನಾನು.”

ಆ ಸಂಕಟದಲ್ಲೂ ಮಾಮ ದರ್ಜೆ ಬಿಟ್ಟುಕೊಡಲಿಲ್ಲ. “ನಿನ್ನ ವಿಷಯ ಅವರು ಎತ್ತಲೇ ಇಲ್ಲ. ಬಾಚಣಿಗೆ ಹಿಡಿದೋರಿಗೆಲ್ಲ ಎಕ್ಸ್‌ಪೋಷರ್ ಆಗಲ್ಲ ಕಣೇ. ಅದು ಕ್ಯಾಮೆರಾದವರಿಗೆ ಆಗೋದು.”

“ಆಗ್ಲಿ, ಆ ಬಿರುದು ನೀವೇ ಇಟ್ಕೊಳ್ಳಿ. ಆದ್ರೆ ಡಾಕ್ಟ್ರು ಬಂದು ಹೇಳೋವರೆಗೆ ನಾನೂ ಮಗೂನ ಎತ್ಕೊಳ್ಳಲ್ಲ.” ಇಬ್ಬರೂ ಸ್ವಲ್ಪ ಹೊತ್ತು ಆ ಇಸ್ತ್ರಿ ಮಾಡಿದ ಆಕಾಶವನ್ನೇ ನೋಡುತ್ತಾ ನಿಂತರು. ಐದು ತಿಂಗಳಿಂದ ಕಾದ ಕೂಸು ಬಾಗಿಲಿಗೆ ಬರುವ ಹೊತ್ತಿಗೆ ಎತ್ತಿಕೊಳ್ಳಲು ಕೈ ಇಲ್ಲದ ಹಾಗಾಯಿತಲ್ಲ ಅಂತ ಮಾಮನಿಗೆ ಅಳುವೇ ಬಂತು. “ನಾನು ಕತ್ತಲೆ ಕೋಣೆಗೆ ಹೋಗ್ತೀನಿ” ಅಂದವರೇ ಕ್ಯಾಮೆರಾ ತಬ್ಬಿಕೊಂಡು ಒಳಗೆ ಸೇರಿ ಬಾಗಿಲು ಎಳೆದುಕೊಂಡರು.

ಕತ್ತಲೆ ಕೋಣೆ ಅಂದರೆ ಒಂದು ಮೇಜು, ಒಂದು ಸ್ಟೂಲು, ಒಂದು ತೊಟ್ಟಿ. ಬಾಗಿಲ ಮೇಲೆ ಹೊರಗಡೆ ಒಂದು ಕೆಂಪು ದೀಪ. ಅದು ಉರಿಯುತ್ತಿದ್ದರೆ ಒಳಗೆ ರೀಲಿನ ಕೆಲಸ ನಡೆಯುತ್ತಿದೆ, ಬಾಗಿಲು ತೆಗೆಯಬೇಡಿ ಅಂತ ಅರ್ಥ. ಗೋಡೆಯಲ್ಲಿ ಸ್ಟುಡಿಯೋ ಕಡೆಗೆ ಒಂದು ಕಿಂಡಿ, ತೊಳೆದ ಫೋಟೋಗಳನ್ನು ಹೊರಗೆ ಕೊಡುವುದಕ್ಕೆ. ಆ ಕಿಂಡಿಯಿಂದಲೇ ಸಂಸಾರ ನಡೆಯಿತು.

“ಊಟ ಕಿಂಡಿಯಲ್ಲಿ ಇಟ್ಟಿದ್ದೀನಿ. ನಾನು ದೂರ ಹೋದಮೇಲೆ ತಗೊಳ್ಳಿ.”

“ಉಪ್ಪು ಕಮ್ಮಿಯಾಗಿದೆ.”

“ಬದುಕಿದ್ದೀರಿ ಅನ್ನೋದಕ್ಕೆ ಅಷ್ಟು ಸಾಕ್ಷಿ ಸಾಕು.”

“ಮೈ ಬಿಸಿಯಾದ ಹಾಗಿದೆ ಕಣೇ.”

“ಕಿಟಕಿ ಇಲ್ಲದ ಕೋಣೇಲಿ ಸ್ವೆಟರ್ ಹಾಕ್ಕೊಂಡು ಕೂತ್ರೆ ಇನ್ನೇನು ತಣ್ಣಗಾಗುತ್ತಾ? ಬಿಚ್ಚಿ ಅದನ್ನ!”

ಹೀಗೆ ನಡೆದಿರುವಾಗ ಆಟೋ ನಿಂತ ಸದ್ದಾಯಿತು. ಮಗಳಿಗೆ ಅಮ್ಮ ಬೀದಿಯಲ್ಲೇ ವಿಷಯ ಹೇಳಿದ್ದು ಕೇಳಿಸಿತು. “ಅಪ್ಪಾ!” ಅಂತ ಮಗಳು ಓಡಿ ಬಂದಳು. ಕಿಂಡಿಯ ಹತ್ತಿರ ಬರುತ್ತಿದ್ದಂತೆ ಮಾಮ ಒಳಗಿಂದ ಅಬ್ಬರಿಸಿದರು. “ಅಲ್ಲೇ ನಿಲ್ಲು! ಕೊನೇ ಗೋಡೆಗೆ ಹೋಗು! ಪರದೆ ಹತ್ರ!”

ಮಗಳು ನೀಲಿ ಆಕಾಶಕ್ಕೆ ಬೆನ್ನು ಹಚ್ಚಿ ನಿಂತಳು. ಹೆಗಲ ಮೇಲಿಂದ ಕೂಸು ತಿರುಗಿ ನೋಡಿತು. ಗುಂಡು ಮುಖ, ಎರಡು ಕಣ್ಣು, ಒಂದು ಮೂಗು. ಎಲ್ಲ ಇರಬೇಕಾದ ಜಾಗದಲ್ಲೇ ಇದ್ದವು! ಮಾಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕಿಂಡಿಯಲ್ಲಿ ಮೂಗು ತೂರಿಸಿ “ಬೂಚೀ” ಅಂದರು. ಗೋಡೆಯಲ್ಲಿ ಮೂಗು ಮೂಡಿದ್ದು ಕಂಡು ಕೂಸು ಕಿಲಕಿಲ ನಕ್ಕಿತು.

“ಲೇ, ದೀಪ ಹಾಕೇ! ಎಡಗಡೆದು! ಇಲ್ಲಿಂದಲೇ ತೆಗೆದುಬಿಡ್ತೀನಿ!”

ಯಜಮಾನಿ ದೀಪ ಹಾಕಿದರು, ದೂರದಿಂದಲೇ ಟವೆಲು ಬೀಸಿ ಕೂಸನ್ನು ನಗಿಸಿದರು. ಕಿಂಡಿಯಿಂದ ಕ್ಯಾಮೆರಾ ಹೊರಗೆ ಇಣುಕಿತು. ಮಾಮ ಜನ್ಮದಲ್ಲಿ ಮೊದಲ ಸಲ ರಾಗ ಎಳೆಯದೆ ಒಂದರ ಹಿಂದೆ ಒಂದು ಒತ್ತಿದರು. ಕೂಸು ನಕ್ಕಿತು, ಆಕಳಿಸಿತು, ಅಮ್ಮನ ಕಿವಿ ಹಿಡಿದು ಬಾಯಿಗೆ ಹಾಕಲು ನೋಡಿತು. ಎಲ್ಲವೂ ರೀಲಿಗೆ ಬಿತ್ತು. ರೀಲು ಮುಗಿದಾಗ ಮಾಮನ ಕಣ್ಣಲ್ಲಿ ನೀರಿತ್ತು. “ಸಂಜೆ ರೈಲಿಗೆ ಮುಂಚೆ ಪ್ರಿಂಟ್ ಕೈಗೆ ಕೊಡ್ತೀನಿ ಪುಟ್ಟಿ. ಮುಟ್ಟದೆ ಇದ್ರೆ ಏನಂತೆ, ತೆಗೆದೆನಲ್ಲ” ಅಂದರು. ಕಿಂಡಿ ಮುಚ್ಚಿತು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ಒಳಗೆ ಗವ್ವೆನ್ನುವ ಕತ್ತಲು. ರೀಲನ್ನು ಕ್ಯಾಮೆರಾದಿಂದ ಬಿಚ್ಚಿ ಡಬ್ಬಿಗೆ ಸುತ್ತುವವರೆಗೆ ಒಂದು ಎಳೆ ಬೆಳಕೂ ತಾಗಕೂಡದು. ಮಾಮ ಕಣ್ಣು ಮುಚ್ಚಿಕೊಂಡು (ಕತ್ತಲಲ್ಲಿ ಕಣ್ಣು ತೆರೆದರೂ ಒಂದೇ, ಆದರೆ ಕಸುಬಿನ ಗತ್ತು ಬೇಕಲ್ಲ) ಬೆರಳ ತುದಿಯಿಂದ ರೀಲಿನ ಕೊನೆ ಹಿಡಿದು ಎಳೆದರು.

ಅದೇ ಹೊತ್ತಿಗೆ ಬೀದಿಯಲ್ಲಿ ಜೀಪು ನಿಂತಿತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕಣ್ಣಿಗೆ ಗಾಜು, ಕೈಗೆ ಜೋಡಿ ಗ್ಲೌಸು ತೊಟ್ಟ ಡಾಕ್ಟರಮ್ಮ ಇಳಿದು ನೇರ ಸ್ಟುಡಿಯೋ ಒಳಗೆ ಬಂದರು. ಯಜಮಾನಿ ಹಿತ್ತಲಲ್ಲಿ ಬಿಸಿನೀರು ಕಾಯಿಸುತ್ತಿದ್ದರು, ಮಗಳು ಕೂಸಿನ ಚಡ್ಡಿ ಬದಲಿಸುತ್ತಿದ್ದಳು. ಮುಚ್ಚಿದ ಬಾಗಿಲು, ಮೇಲೆ ಕೆಂಪು ದೀಪ.

“ಭೇಷ್!” ಅಂದರು ಡಾಕ್ಟರಮ್ಮ. “ಅಪಾಯದ ದೀಪನೂ ಹಾಕಿದ್ದಾರೆ. ಎಲ್ಲ ಮನೆಯವರೂ ಹೀಗಿದ್ರೆ!” ಚಿಲಕಕ್ಕೆ ಕೈ ಹಾಕಿದರು.

ಚಿಲಕದ ಸದ್ದಿಗೆ ಯಜಮಾನಿ ಓಡಿ ಬಂದರು. “ಅಯ್ಯಯ್ಯೋ, ತೆಗೀಬೇಡಿ! ತೆಗೀಬೇಡಿ!”

“ಹೆದರಬೇಡಿ ಅಮ್ಮಾ. ನಾನು ಪೂರ್ತಿ ರಕ್ಷಣೆ ತೊಟ್ಟೇ ಬಂದಿದ್ದೀನಿ” ಅಂತ ಡಾಕ್ಟರಮ್ಮ ಬಾಗಿಲನ್ನು ಹಾರುಹೊಡೆಯುವಂತೆ ತೆಗೆದರು. ತೆಗೆದು, ಒಳಗೆ ಕತ್ತಲಿದೆ ಅಂತ ಕೈಯಲ್ಲಿದ್ದ ಟಾರ್ಚನ್ನೂ ಬಿಟ್ಟರು.

ಬೆಳಕಿನ ನಡುವೆ ಮಾಮ ನಿಂತಿದ್ದರು. ಎರಡೂ ಕೈಯಲ್ಲಿ ಉದ್ದಕ್ಕೆ ಬಿಚ್ಚಿದ ರೀಲು ನೇತಾಡುತ್ತಿತ್ತು.

“ಹೋಯ್ತು! ಎಲ್ಲ ಎಕ್ಸ್‌ಪೋಸ್ ಆಗಿಹೋಯ್ತು!”

ಡಾಕ್ಟರಮ್ಮ ಹಿಂದಕ್ಕೆ ಜಿಗಿದರು. “ಯಾರು? ಯಾರು ಎಕ್ಸ್‌ಪೋಸ್ ಆದ್ರು?”

“ನನ್ನ ಮೊಮ್ಮಗಳು! ಐದು ತಿಂಗಳ ಕೂಸು!”

“ಐದು ತಿಂಗಳ ಕೂಸಾ! ಎಷ್ಟು ಸಲ?”

“ಹದಿನೆಂಟು ಸಲ ಡಾಕ್ಟ್ರಮ್ಮ! ಒಂದೂ ಉಳೀಲಿಲ್ಲ! ಎಲ್ಲ ನಿಮ್ಮಿಂದಲೇ!”

ಒಳಗಿಂದ ಮಗಳು ಕಿಟಾರನೆ ಕಿರುಚಿದಳು. ಅವಳು ಕಿರುಚಿದ್ದಕ್ಕೆ ಕೂಸೂ ಕಿರುಚಿತು. ಹೊರಗೆ ಜೀಪಿನ ಡ್ರೈವರು ಸಮಯಪ್ರಜ್ಞೆಯಿಂದ ಸೈರನ್ ಹಾಕಿದ. ಬೀದಿಯಲ್ಲಿ ಪಟಪಟ ಕಿಟಕಿಗಳು ಮುಚ್ಚಿಕೊಂಡವು.

“ಎಲ್ಲರೂ ಸುಮ್ನಿರಿ!” ಅಂತ ಕೂಗಿದವರು ಯಜಮಾನಿ. “ಡಾಕ್ಟ್ರಮ್ಮಾ, ಈ ಮನೇಲಿ ಎಕ್ಸ್‌ಪೋಷರ್ ಅಂದ್ರೆ ಬೆಳಕು. ರೀಲಿನ ಮೇಲೆ ಬೀಳೋ ಬೆಳಕು. ಮಗೂಗೇನೂ ಆಗಿಲ್ಲ, ಮಗು ಫೋಟೋ ಹಾಳಾಗಿದೆ ಅಷ್ಟೇ. ಇವರು ಫೋನಿನಲ್ಲಿ ನಿಮಗೆ ಏನೇನು ಹೇಳಿದ್ರೋ, ನನಗಂತೂ ಈಗ ಗೊತ್ತಾಗ್ತಿದೆ.”

ಡಾಕ್ಟರಮ್ಮ ತೊಟ್ಟಿಯಲ್ಲಿದ್ದ ರಾಸಾಯನಿಕ ನೋಡಿದರು. ನೇತಾಡುವ ರೀಲು ನೋಡಿದರು. “ಮೊಣಕೈವರೆಗೂ ದ್ರವ ಅಂದ್ರೆ… ಇದಾ?”

ಮಾಮ ಇಂಗು ತಿಂದ ಮಂಗನಂತೆ ತಲೆಯಾಡಿಸಿದರು.

ಡಾಕ್ಟರಮ್ಮ ಅಲ್ಲೇ ಸ್ಟೂಲು ಎಳೆದುಕೊಂಡು ಕೂತರು. “ಮೊದಲಿಂದ ಶುರು ಮಾಡೋಣ. ಇಂಗ್ಲಿಷ್ ಪದ ಒಂದೂ ಬೇಡ, ನಾನೂ ಹೇಳಲ್ಲ, ನೀವೂ ಹೇಳಬೇಡಿ. ಆ ಎಂಜಿನಿಯರನ್ನ ನೀವು ಮುಟ್ಟಿದಿರಾ?”

“ಇಲ್ಲ.”

“ಕೈ ಕುಲುಕಿದಿರಾ?”

“ನಾನು ಗಿರಾಕಿಗಳ ಹತ್ರ ಅಷ್ಟು ಸಲಿಗೆ ಇಟ್ಕೊಳ್ಳಲ್ಲ.”

“ಬೆವರು ಒರೆಸಿದಿರಾ? ಬಟ್ಟೆ ತೊಡಿಸಿದಿರಾ? ಅವರು ಕುಡಿದ ಲೋಟ ತೊಳೆದಿರಾ?”

“ಅದೆಲ್ಲ ನಮ್ಮ ಇವಳ ಇಲಾಖೆ.”

“ಮತ್ತೆ ನೀವು ಅವತ್ತು ಏನು ಮಾಡಿದಿರಿ?”

ಮಾಮ ಎದೆ ಸೆಟೆಸಿದರು. “ದೂರ ನಿಂತು ಒಂದು ಬಟನ್ ಒತ್ತಿದೆ.”

ಮಗಳು ನಗು ತಡೆಯಲಾಗದೆ ಕೂಸಿನ ಬೆನ್ನಿನ ಹಿಂದೆ ಮುಖ ಮುಚ್ಚಿಕೊಂಡಳು.

ಡಾಕ್ಟರಮ್ಮ ಯಜಮಾನಿಯ ಕಡೆ ತಿರುಗಿದರು. “ಹಾಗಾದ್ರೆ ನಾನು ಮಾತಾಡಬೇಕಾದ್ದು ನಿಮ್ಮ ಹತ್ರ. ಈ ಕೆಲಸವೆಲ್ಲ ಮಾಡಿದ್ದು ನೀವು. ಅವರ ಹಣೆ ಮುಟ್ಟಿದಾಗ ಬಿಸಿ ಇತ್ತಾ?”

“ಇಲ್ಲ ಡಾಕ್ಟ್ರಮ್ಮ, ತಣ್ಣಗಿತ್ತು. ಬೆವರು ಬಂದಿದ್ದು ದೀಪಕ್ಕೆ. ಚೆನ್ನಾಗೇ ಇದ್ರು, ನಗ್ತಾ ಇದ್ರು, ಇವರು ರೆಡಿ ಅನ್ನೋವರೆಗೂ.”

“ಅವರಿಗೆ ಜ್ವರ ಬಂದಿದ್ದು ನಿನ್ನೆ ರಾತ್ರಿ. ಈ ಕಾಯಿಲೆ ಜ್ವರ ಶುರುವಾಗೋ ಮುಂಚೆ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಜ್ವರ ಬಂದವರ ರಕ್ತವೋ ವಾಂತಿಯೋ ಬೆವರೋ ನಮ್ಮ ಗಾಯಕ್ಕೆ, ಬಾಯಿಗೆ, ಕಣ್ಣಿಗೆ ತಗುಲಿದ್ರೆ ಅಪಾಯ. ತಗುಲಿದೋರಿಗೆಲ್ಲ ಕಾಯಿಲೆ ಬಂದೇಬಿಟ್ಟಿತು ಅಂತಲೂ ಅಲ್ಲ. ಬರುತ್ತಾ ಅಂತ ಮೂರು ವಾರ ಕಣ್ಣಿಟ್ಟು ಕಾಯ್ತೀವಿ. ಶಂಕಿತ ಅಂದ್ರೂ ಅಷ್ಟೇ, ನಮಗೆ ಇನ್ನೂ ಗೊತ್ತಿಲ್ಲ ಅಂತ ಅರ್ಥ, ಟೀವಿಯವರು ಏನೇ ಕೂಗಲಿ. ಅವರ ಮೊದಲ ಪರೀಕ್ಷೆಯಲ್ಲಿ ರೋಗ ಕಂಡಿಲ್ಲ, ಇನ್ನೊಂದು ಸಲ ನೋಡ್ತಾರೆ. ಅದು ಹೇಗೇ ಬರಲಿ, ನಿಮಗೆ ಭಯ ಇಲ್ಲ.” ಡಾಕ್ಟರಮ್ಮ ಕಣ್ಣಿನ ಗಾಜು ತೆಗೆದು ನಕ್ಕರು. “ಜ್ವರ ಇದ್ದಿದ್ರೆ ಕೋಣೆ ಸೇರಬೇಕಾಗಿದ್ದು ಅಮ್ಮನೇ. ನಿಮಗೆ ಆಗಲೂ ಏನೂ ಆಗ್ತಿರಲಿಲ್ಲ ಯಜಮಾನ್ರೇ. ಏನಾದ್ರೂ ಆಗಬೇಕಾದ್ರೆ ಏನಾದ್ರೂ ಮಾಡಿರಬೇಕಲ್ಲ.”

ಗಾಯದ ಮೇಲೆ ಉಪ್ಪು ಸುರಿದ ಹಾಗಿತ್ತು ಮಾಮನಿಗೆ. ಉತ್ತರ ಕೊಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ಬಂದು ಕೂಸನ್ನು ಅವರ ಕೈಗೆ ಹಾಕಿಬಿಟ್ಟಳು. ಮಾಮ ಬಾಯಿ ತೆರೆದವರು ತೆರೆದ ಹಾಗೇ ನಿಂತರು. ಕೂಸು ಆ ತೆರೆದ ಬಾಯಿಗೆ ಕೈ ಹಾಕಿತು. ಆರೋಗ್ಯ ಇಲಾಖೆ, ಹಾಳಾದ ರೀಲು, ಮಾನ, ಮರ್ಯಾದೆ ಎಲ್ಲ ಮರೆತು ಮಾಮ ಕಣ್ಣು ತುಂಬಿಕೊಂಡರು. ಯಜಮಾನಿಯೂ ಕೂಸಿನ ಕಾಲು ಹಿಡಿದು ಕೆನ್ನೆಗೆ ಒತ್ತಿಕೊಂಡರು.

ಡಾಕ್ಟರಮ್ಮನಿಗೆ ಪಶ್ಚಾತ್ತಾಪವಾಯಿತು. “ಮತ್ತೆ ಒಂದು ತೆಗೆದುಬಿಡಿ. ರೈಲಿಗೆ ಹೊತ್ತಿದೆಯಲ್ಲ? ನಾನೇ ಜೀಪಲ್ಲಿ ಬಿಡ್ತೀನಿ.”

ಹೊಸ ರೀಲು ಬಂತು, ದೀಪ ಹತ್ತಿತು. ಮಾಮ ಕೂಸನ್ನು ಮಗಳ ಕೈಗೆ ಕೊಟ್ಟು ಕ್ಯಾಮೆರಾದ ಹಿಂದೆ ಹೋದರು. ಕೂಸು ಸೂರು ಹಾರುವಂತೆ ಅತ್ತಿತು. ಬಂದು ಎತ್ತಿಕೊಂಡರು, ಸುಮ್ಮನಾಯಿತು. ಹೋದರು, ಅತ್ತಿತು. ಗಿಲಕಿ ಆಡಿಸಿದರು, ಟವೆಲು ಬೀಸಿದರು, ಡಾಕ್ಟರಮ್ಮ ಗ್ಲೌಸನ್ನು ಊದಿ ಕೋಳಿ ಮಾಡಿ ತೋರಿಸಿದರು. ಕೂಸಿಗೆ ಅಜ್ಜ ಬೇಕು, ಅಜ್ಜನ ತೋಳೇ ಬೇಕು. ಗಡಿಯಾರ ಓಡುತ್ತಿತ್ತು.

“ಅಪ್ಪಾ, ನೀವೇ ಎತ್ಕೊಂಡು ಕೂತ್ಕೊಳ್ಳಿ. ಅಮ್ಮ ತೆಗೀತಾರೆ” ಅಂದಳು ಮಗಳು.

“ಯಾರು? ಇವಳಾ? ಕ್ಯಾಮೆರಾನಾ?” ಹಾವು ತುಳಿದವರ ಹಾಗೆ ಹಾರಲು ಹೋದರು. ತೊಡೆಯ ಮೇಲೆ ಕೂಸಿತ್ತು, ಹಾರಲಾಗಲಿಲ್ಲ. “ನೋಡು, ಬೆಳಕು ಅಳೀಬೇಕು, ಆಮೇಲೆ ಮೇಲಿನ ತಿರುಗಣೆ…”

“ಬಾಯಿ ಮುಚ್ಚಿ. ಹಲ್ಲು ಕಾಣಲಿ” ಅಂದರು ಯಜಮಾನಿ, ಒಂದು ಕಣ್ಣು ಮುಚ್ಚಿಕೊಂಡು.

“ಬಾಯಿ ಮುಚ್ಚಿದ್ರೆ ಹಲ್ಲು ಹೇಗೆ ಕಾಣುತ್ತೆ?”

“ಅದು ಊರವರೆಲ್ಲ ನಿಮ್ಮನ್ನ ಕೇಳಬೇಕಾಗಿದ್ದ ಪ್ರಶ್ನೆ. ಗಲ್ಲ ಎತ್ತಿ. ಹೊಟ್ಟೆ ಒಳಗೆ. ಇನ್ನೂ ಒಳಗೆ. ಅಷ್ಟೇನಾ ಹೋಗೋದು?”

ಡಾಕ್ಟರಮ್ಮನೂ ಮಗಳೂ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಅವರ ನಗು ನೋಡಿ ಕೂಸು ನಕ್ಕಿತು, ಕೂಸು ನಕ್ಕಿದ್ದು ನೋಡಿ ಮಾಮನೂ ತಮ್ಮನ್ನೇ ಮರೆತು ನಕ್ಕುಬಿಟ್ಟರು. ಕಟಕ್ ಅಂತ ಸದ್ದಾಯಿತು.

ಆ ಫೋಟೋ ಈಗ ಸ್ಟುಡಿಯೋದ ಮುಂದಿನ ಗಾಜಿನಲ್ಲಿದೆ. ಮಾಮ ದೊಡ್ಡ ಮನಸ್ಸು ಮಾಡಿ ತಾವೇ ತೊಳೆದು ದೊಡ್ಡದು ಮಾಡಿದರು. ತೊಳೆಯುವಾಗ ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಅಂತ ಭೂತಗನ್ನಡಿ ಹಿಡಿದು ಹುಡುಕಿದರು. ಸಿಗಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ಅಲ್ಲಿ ನಿಂತು ನೋಡುತ್ತಾರೆ, ಈ ಮನುಷ್ಯನಿಗೆ ನಗಲೂ ಬರುತ್ತಾ ಅಂತ ಬಾಯಿ ಬಿಡುತ್ತಾರೆ.

ಮೊದಲು ಬಂದವರು ಹೊಸದಾಗಿ ಮದುವೆಯಾದ ಒಂದು ಜೋಡಿ. “ಗಾಜಿನಲ್ಲಿರೋ ಆ ಫೋಟೋ ತೆಗೆದವರು ಇದ್ದಾರಾ?” ಅಂದರು. ಆಮೇಲೆ ಬಂದವರೂ ಅದನ್ನೇ ಕೇಳಿದರು. ಬ್ಯಾಂಕಿನ ಮ್ಯಾನೇಜರು ಎರಡು ದಿನ ಕಾಯುತ್ತೇನೆ, ಅಮ್ಮನೇ ತೆಗೆಯಲಿ ಅಂದರು. ವ್ಯಾಪಾರ ದುಪ್ಪಟ್ಟಾಯಿತು, ಕ್ಯಾಮೆರಾ ಯಜಮಾನಿಯ ಕೈಸೇರಿತು, ಹಿಂದಿನ ಇಲಾಖೆ ಖಾಲಿ ಬಿತ್ತು. ಖಾಲಿ ಬಿದ್ದ ಇಲಾಖೆಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ?

ಈಗ ರೆಡಿ ಮಾಮ ಹೆಗಲ ಮೇಲೆ ಟವೆಲು, ಜೇಬಲ್ಲಿ ಬಾಚಣಿಗೆ ಇಟ್ಟುಕೊಂಡು ನಿಂತಿರುತ್ತಾರೆ. ಬಂದವರ ತಲೆ ಬಾಚುತ್ತಾರೆ, ಬೆವರು ಒರೆಸುತ್ತಾರೆ, ಕೋಟು ತೊಡಿಸಿ ಗುಂಡಿ ಹಾಕುತ್ತಾರೆ, ಸೀನಿದವರಿಗೆ ಕರ್ಚೀಫು ಕೊಟ್ಟು ಅದನ್ನೇ ವಾಪಸ್ ಇಸಿದುಕೊಳ್ಳುತ್ತಾರೆ. ಇನ್ನು ಯಾವ ಊರಿನಿಂದ ಯಾವ ಜ್ವರದವನು ಬಂದು ಈ ಸ್ಟುಡಿಯೋದಲ್ಲಿ ಕೂತರೂ ಡಾಕ್ಟರಮ್ಮ ಯೋಚನೆ ಮಾಡಬೇಕಾದ್ದಿಲ್ಲ. ನಿಯಮದ ಪ್ರಕಾರ, ಅಪ್ಪಟ ಕನ್ನಡದಲ್ಲೇ ಕೇಳಿದರೂ, ಹೈ ರಿಸ್ಕ್ ಕಾಂಟ್ಯಾಕ್ಟ್ ಮಾಮ ಒಬ್ಬರೇ.

“ರೀ, ಒರೆಸಿದ್ದು ಸಾಕು, ಪಕ್ಕಕ್ಕೆ ಬನ್ನಿ” ಅನ್ನುತ್ತಾರೆ ಯಜಮಾನಿ ಕ್ಯಾಮೆರಾದ ಹಿಂದಿನಿಂದ. “ನಿಮ್ಮ ನೆರಳು ಬೀಳ್ತಿದೆ.”